ಹೆಸರು ಬದಲಿಸಿ ನೋಡಯ್ಯ

“ಸಾರ್, ಮಹಾರಾಷ್ಟ್ರದ ನಿಫಾಡ್ ತಾಲ್ಲೂಕಿನ ಲಾಸಲ್‌ಗಾಂವ್‌ನಿಂದ ಬಂದ ಈರುಳ್ಳಿ ಲೆಕ್ಕದ ಫೈಲ್ ತೆರೀತಿಲ್ಲ.”

“ಆಫ್ ಮಾಡಿ ಆನ್ ಮಾಡಯ್ಯ.”

“ಮಾಡಿದೆ ಸಾರ್.”

“ಹಾಗಾದ್ರೆ ಫೈಲ್ ಹೆಸರಿನ ಕೊನೇಲಿರೋ ಡಾಕ್ ಅಳಿಸಿ ಡಾಕ್ಸ್ ಅಂತ ಹಾಕು.”

ನಮ್ಮ ಕಚೇರಿಗಳ ಚಿಕಿತ್ಸೆ ಇಲ್ಲಿಗೆ ಮುಗಿಯುತ್ತದೆ. ರೋಗವಿರುವುದು ಯಂತ್ರದಲ್ಲಲ್ಲ, ರೂಢಿಯಲ್ಲಿ. 2007ರ ಮೈಕ್ರೋಸಾಫ್ಟ್ ಆಫೀಸ್ ತಂದ ಡಾಕ್ಸ್ ಫೈಲ್ ಅಸಲಿಗೆ ಒಂದು ಜಿಪ್. ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲು ಕಾಣುವುದು ‘ಪಿಕೆ’ ಎಂಬ ಎರಡಕ್ಷರ. ಹಳೆಯ ಡಾಕ್‌ನ ಒಳರಚನೆಯೇ ಬೇರೆ. ಬೋರ್ಡು ಬದಲಿಸಿದ ಮಾತ್ರಕ್ಕೆ ಬಾರು ದೇವಸ್ಥಾನವಾದೀತೆ? ತೆರೆದರೂ ಸುಖವಿಲ್ಲ. ಮರಾಠಿ ಕೃತಿದೇವ್ ಫಾಂಟ್‌ನಲ್ಲಿದ್ದು ಕನ್ನಡ ಹಳೆಯ ನುಡಿ ಫಾಂಟಿನಲ್ಲಿದ್ದರೆ, ಆ ಫಾಂಟುಗಳಿಲ್ಲದ ಕಂಪ್ಯೂಟರಿನಲ್ಲಿ ಎರಡೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎರಡು ಲಿಪಿಗಳೂ ಪ್ರತಿ ಅಕ್ಷರಕ್ಕೂ ಒಂದೇ ಸಂಕೇತ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಇವೆ, ಪಾಪ, ಕಾಯುತ್ತಾ.

“ಹಳೇ ಫೈಲುಗಳು ರಾಶಿ ಇವೆಯಲ್ಲ?” ಎಂಬ ಆಕ್ಷೇಪ ನ್ಯಾಯವೇ. ಅದಕ್ಕೆ ಪರಿವರ್ತಕಗಳಿವೆ; ಒತ್ತಕ್ಷರ ಅಲ್ಲಲ್ಲಿ ಕೆಡುತ್ತದೆ, ಕೂತು ತಿದ್ದಬೇಕು. ಆದರೆ ಇವತ್ತಿನ ಪತ್ರವನ್ನೂ ಹಳೆಯ ಫಾಂಟಿನಲ್ಲೇ ಕುಟ್ಟುವುದಕ್ಕೆ ಆ ನೆಪ ಸಲ್ಲದು.

“ಈಗೇನ್ಮಾಡ್ಲಿ ಸಾರ್?”

“ಪ್ರಿಂಟ್ ತೆಗೆದು ಫೋಟೋ ಕಳಿಸೋಕೆ ಹೇಳು.”

ಫೋಟೋದಲ್ಲಿರುವ ಲೆಕ್ಕವನ್ನು ಎಕ್ಸೆಲ್ ಕೂಡಿಸುವುದಿಲ್ಲ. ದಯವಿಟ್ಟು ಯೂನಿಕೋಡಿನಲ್ಲೇ ಟೈಪ್ ಮಾಡಿ.