ಕವಡೆಯ ಹೊಳಪು

ಏನಕ್ಕಾ, ಮೊಮ್ಮಗಳಿಗೆ ಚೌಕಾಬಾರ ಕಲಿಸ್ತಿದ್ದೀರಂತೆ? ಬಲು ಒಳ್ಳೇದಾಯ್ತು ಬಿಡಿ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ ಅಂತ ಹೇಳಿಕೊಟ್ಟ ಮೇಲೆ, ಆ ಕವಡೆ ಒಂದು ಜೀವ ಇದ್ದ ಮನೆ ಅನ್ನೋದನ್ನೂ ಹೇಳಿಬಿಡಿ.

ಅದು ಕಡಲ ಬಸವನಹುಳುವಿನ ಚಿಪ್ಪು. ಮಾಲ್ಡೀವ್ಸ್, ಲಕ್ಷದ್ವೀಪದ ಕಡೆ ಹವಳದ ಸಂದಿಗೊಂದಿಯಲ್ಲಿ ಪಾಚಿ ಮೇಯ್ಕೊಂಡು ಇರ್ತದೆ. ಮರಿಯಾಗಿದ್ದಾಗ ಚಿಪ್ಪು ತೆಳ್ಳಗೆ, ಬಾಯಿ ಅಗಲ. ಬಲಿತ ಮೇಲೆ ತುಟಿ ಒಳಕ್ಕೆ ಮಡಚಿ, ಅಂಚಿಗೆ ಹಲ್ಲು ಮೂಡಿ, ಸೀಳಷ್ಟೇ ಉಳಿಯುತ್ತೆ. ಅಲ್ಲಿಗೆ ಉದ್ದ ನಿಂತುಹೋಯ್ತು. ಇನ್ನೇನಿದ್ದರೂ ದಪ್ಪ ಆಗೋದೇ.

ಹೊಳಪಿನ ಸಂಗತಿ ಕೇಳಿ. ಆ ಸೀಳಿನ ಎರಡೂ ಕಡೆಯಿಂದ ಮೆತ್ತನೆಯ ಮೈಹೊದಿಕೆ ಹೊರಗೆ ಬಂದು, ಚಿಪ್ಪಿನ ಬೆನ್ನನ್ನೆಲ್ಲ ಮುಚ್ಚಿಕೊಳ್ಳುತ್ತೆ. ಒಳಗಿರೋರೇ ಹೊರಗೋಡೆಗೆ ಗಾರೆ ಮಾಡಿದ ಹಾಗೆ, ಪದರದ ಮೇಲೆ ಪದರ ಹಚ್ಚುತ್ತೆ. ಯಾವ ಅಕ್ಕಸಾಲಿಯೂ ಉಜ್ಜಿದ ಹೊಳಪಲ್ಲ ಅದು. ನನಗಂತೂ ಇದಕ್ಕಿಂತ ಚೆಂದದ ಕುಸುರಿ ಕಂಡಿಲ್ಲ.

ದುಡ್ಡಾಗಿ ಓಡಾಡಿದ್ದೂ ಇದೇ. 14ನೇ ಶತಮಾನದಲ್ಲಿ ಮಾಲ್ಡೀವ್ಸ್‌ನಲ್ಲಿ ಕಾಜಿಯಾಗಿದ್ದ ಇಬ್ನ್ ಬತೂತ, ಅಲ್ಲಿನವರು ಕವಡೆ ಕೊಟ್ಟು ಬಂಗಾಳದ ಅಕ್ಕಿ ತರಿಸ್ತಿದ್ದರು ಅಂತ ಬರೆದಿದ್ದಾನೆ. ತೆಂಗಿನ ಗರಿ ನೀರಿಗೆ ಬಿಟ್ಟರೆ ಹುಳು ಬಂದು ಅಂಟಿಕೊಳ್ತಿತ್ತು. ಮರಳಲ್ಲಿ ಹೂತು, ಮಾಂಸ ಕೊಳೆತ ಮೇಲೆ ತೊಳೆದು ತೆಗೀತಿದ್ದರು. 18ನೇ ಶತಮಾನದ ಸಿಲ್ಹಟ್‌ನಲ್ಲಿ ರೂಪಾಯಿಗೆ 5120 ಕವಡೆ ಲೆಕ್ಕ. ಕಂದಾಯವೂ ಅದರಲ್ಲೇ, ದೋಣಿಗಟ್ಟಲೆ ಢಾಕಾಕ್ಕೆ. ಸುಲಭಕ್ಕೆ ಒಡೆಯಲ್ಲ, ತುಕ್ಕು ಹಿಡಿಯಲ್ಲ, ಖೋಟಾ ಮಾಡೋದೂ ಕಷ್ಟ. ಆದರೆ ಯುರೋಪಿನ ವ್ಯಾಪಾರಿಗಳು ಇದನ್ನೇ ಹಡಗಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಒಯ್ದು ಮನುಷ್ಯರನ್ನು ಕೊಂಡರಲ್ಲ, ಅದನ್ನ ನೆನೆದರೆ ಹೊಟ್ಟೆ ಉರಿಯುತ್ತೆ. ಅದರಲ್ಲಿ ಪಾಪದ ಹುಳುವಿನ ತಪ್ಪೇನು?

ನಮ್ಮ ಕಡೆ ಎಲ್ಲಮ್ಮನ ಜೋಗತಿಯರ ಕೊರಳಲ್ಲಿ ಕವಡೆ ಸರ ನೋಡಿರ್ತೀರಿ. ಬೆನ್ನು ಒಡೆದು ತೂತು ಮಾಡಿ ಪೋಣಿಸಿರ್ತಾರೆ. ಮುಂದಿನ ಸಲ ಹತ್ತಿರದಿಂದ ನೋಡಿ, ಒಳಗಿನ ಸುರುಳಿ ಕಾಣುತ್ತೆ.

ಒಂದು ಮಾತು ಅಕ್ಕಾ. ಜೀವ ಹೋಗಿ ದಡಕ್ಕೆ ಬಂದು ಬಿದ್ದ ಕವಡೆ ಅಲೆ, ಮರಳು, ಬಿಸಿಲಿಗೆ ಸಿಕ್ಕಿ ಮಂಕಾಗಿಬಿಡ್ತದೆ. ಅಂಗಡಿಯಲ್ಲಿ ಫಳಫಳ ಅನ್ನೋದು ಹೆಚ್ಚಾಗಿ ಜೀವಂತ ಹಿಡಿದದ್ದೇ. ಮೊಮ್ಮಗಳಿಗೆ ಅಂತ ಹೊಸದು ಕೊಳ್ಳಬೇಡಿ, ಅಜ್ಜಿ ಕಾಲದ ಕವಡೆಯಲ್ಲೇ ಆಡಿಸಿ.