ಎಣ್ಣೆ ಹಾಕಿದ ಪೆನ್ಸಿಲ್

ನಾನು ಇದ್ದಿಲ ಪೆನ್ಸಿಲ್ ಹಿಡಿದರೆ ಹಾಳೆಗಿಂತ ಹೆಚ್ಚಿನ ಕಲೆ ನನ್ನ ಮೂಗಿನ ಮೇಲೆ ಮೂಡುತ್ತದೆ. ಬಾಗಿಲು, ಸ್ವಿಚ್ಚು, ಕಾಫಿ ಲೋಟ, ಎಲ್ಲೆಲ್ಲೂ ನನ್ನ ಹೆಬ್ಬೆಟ್ಟು. ನಾನೇನಾದರೂ ಕಳ್ಳತನಕ್ಕಿಳಿದರೆ ಪೊಲೀಸರಿಗೆ ಕೆಲಸವೇ ಇರುವುದಿಲ್ಲ. ಹಾಗಾಗಿ ಅಂಗಡಿಯವನು "ಇದು ಎಣ್ಣೆ ಹಾಕಿದ ಇದ್ದಿಲು ಸಾರ್, ಉದುರಲ್ಲ, ಮೆತ್ತಲ್ಲ" ಎಂದಾಗ ಆರು ಪೆನ್ಸಿಲ್ ಕೊಂಡೇಬಿಟ್ಟೆ.

"ಪೆನ್ಸಿಲ್ಲಿಗೂ ಎಣ್ಣೆ ಅಭ್ಯಾಸ ಆಯ್ತಾ?" ಎಂದಳು ಮಡದಿ.

16ನೇ ಶತಮಾನದಲ್ಲೇ ವೆನಿಸ್ಸಿನ ಟಿಂಟೊರೆಟ್ಟೊ ಎಣ್ಣೆಯಲ್ಲಿ ನೆನೆಸಿದ ಇದ್ದಿಲಿನಿಂದ ಚಿತ್ರ ಬರೆದಿದ್ದನೆಂದು ಪಾಂಡಿತ್ಯ ಪ್ರದರ್ಶಿಸಿದೆ. "ಪಾಪ, ಅವನ ಮನೆಯವರು" ಎಂದಳು.

ಅವಳನ್ನೇ ಕೂರಿಸಿಕೊಂಡು ಶುರುಮಾಡಿದೆ. ಆಹಾ, ಗೆರೆ ಎಂದರೆ ಗೆರೆ! ಕಾಡಿಗೆಯಂಥ ಕಪ್ಪು, ಬೆಣ್ಣೆಯಂಥ ನಯ. ಆ ಸುಖದಲ್ಲಿ ಅವಳ ಮೂಗು ಅರ್ಧ ಅಂಗುಲ ಮುಂದೆ ಹೋಯಿತು. ರಬ್ಬರ್ ಹಿಡಿದೆ. ಮಾಮೂಲಿ ಇದ್ದಿಲು ಊದಿದರೆ ಹಾರುವ ಸಾಧು ಪ್ರಾಣಿ; ಇದು ಹಳೇ ಬಾಡಿಗೆದಾರ, ಕೂತರೆ ಏಳುವ ಮಾತಿಲ್ಲ. ತಿಕ್ಕಿ ತಿಕ್ಕಿ ಹಾಳೆ ಸವೆಯಿತೇ ಹೊರತು ಮೂಗು ಸವೆಯಲಿಲ್ಲ. ಕೊನೆಗೆ ಮೂಗಿಗೆ ತಕ್ಕ ಮುಖ, ಮುಖಕ್ಕೆ ತಕ್ಕ ತುರುಬು ಎಂದು ಬೆಳೆಸುತ್ತಾ ಹೋದೆ. ಯಕ್ಷಗಾನದ ಬಣ್ಣದ ವೇಷವೊಂದು ಸಿದ್ಧವಾಯಿತು.

ಕಾಲ ಕಳೆದಂತೆ ಎಣ್ಣೆ ಕಾಗದಕ್ಕಿಳಿದು ಗೆರೆಯ ಸುತ್ತ ಹಳದಿ ಅಂಚು ಮೂಡಬಹುದು. "ಮುಂದೆ ನಿನಗೊಂದು ಪ್ರಭಾವಳಿಯೇ ಬರುತ್ತೆ ನೋಡು" ಎಂದು ಸಮಾಧಾನ ಹೇಳಿದೆ.

ಅವಳು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಬೋಂಡಾ ಕಟ್ಟಿದ ಪೇಪರಿಗೂ ಬರುತ್ತೆ" ಎಂದಳು.