ಕ್ಲಿಕ್ ಆತೇನಪ್ಪಾ?

ಇಂಗ್ಲಿಷಿನ ‘ಕ್ಲಿಕ್’ ಹುಟ್ಟಿನಿಂದ ಬರೀ ಸದ್ದು. ಕೊಂಡಿ ಬಿದ್ದಾಗ, ಗುಂಡಿ ಒತ್ತಿದಾಗ ಕೇಳುವಂಥದ್ದು. ಹೊನ್ನಾಳಿ ಸೀಮೆಯ ನಮ್ಮ ಸಾಸ್ವೆಹಳ್ಳಿ ತಲುಪುವಷ್ಟರಲ್ಲಿ ಅದಕ್ಕೆ ಸದ್ದೇ ಬೇಡವಾಗಿದೆ. ಸಿನಿಮಾ ಓಡಿದರೆ ‘ಕ್ಲಿಕ್ ಆತು’, ಮೆಕ್ಕೆಜೋಳಕ್ಕೆ ರೇಟು ಬಂದರೂ ‘ಕ್ಲಿಕ್ ಆತು’. ಹೆಣ್ಣು ನೋಡಲು ಹೋದವನು ಉಪ್ಪಿಟ್ಟು ತಿಂದು ಬಸ್ಸಿಳಿದರೆ ಕಟ್ಟೆ ಮೇಲಿನವರ ಮೊದಲ ಪ್ರಶ್ನೆ, ‘ಕ್ಲಿಕ್ ಆತೇನಪ್ಪಾ?’ ಮೊಬೈಲ್ ಫೋಟೊದ ಕ್ಲಿಕ್ಕಂತೂ ಅಪ್ಪಟ ನಕಲಿ. ರೆಕಾರ್ಡು ಮಾಡಿಟ್ಟ ಸದ್ದು!

ನಮ್ಮಲ್ಲೇನು ಸದ್ದಿಗೆ ಬರವೇ? 13ನೇ ಶತಮಾನದ ಕೇಶಿರಾಜನೇ ‘ಶಬ್ದಮಣಿದರ್ಪಣ’ದಲ್ಲಿ ಅನುಕರಣ ಶಬ್ದಗಳಿಗೆ ಜಾಗ ಕೊಟ್ಟಿದ್ದಾನೆ. ರಾತ್ರಿ ತ್ರೀಫೇಸ್ ಕರೆಂಟು ಬಂತೆಂದು ಟಾರ್ಚ್ ಹಿಡಿದು ತೋಟಕ್ಕೆ ಓಡಿ ಪಂಪ್‌ಸೆಟ್ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ ನೋಡಿ: ಮೊದಲು ‘ಟಕ್’, ಆಮೇಲೆ ‘ಗುಂಯ್’, ಪೈಪಿನ ಬಾಯಲ್ಲಿ ‘ಬುಸ್’, ಕೊನೆಗೆ ‘ದಬದಬ’. ಮೋಟರು ತಿರುಗದೆ ‘ಗುಂಯ್’ನಲ್ಲೇ ನಿಂತರೆ ಒಂದು ಫೇಸ್ ಹೋಗಿರಬೇಕು, ಕೆಂಪು ಗುಂಡಿ ಒತ್ತದಿದ್ದರೆ ವೈಂಡಿಂಗ್ ಸುಟ್ಟಂತೆಯೇ. ಇದನ್ನೆಲ್ಲ ‘ಕ್ಲಿಕ್’ ಎಲ್ಲಿ ಹೇಳೀತು?

ತುಂಗಭದ್ರೆಯ ನೀರೆತ್ತಿ ಕೆರೆ ತುಂಬಿಸುವ ಸಾಸ್ವೆಹಳ್ಳಿ ಏತ ನೀರಾವರಿಗೂ ನಮ್ಮದು ಅದೇ ಪರೀಕ್ಷೆ. ಕಾಗದದ ಮೇಲೆ ಎಷ್ಟಾದರೂ ಕ್ಲಿಕ್ ಆಗಲಿ, ಕೆರೆಗೆ ದಬದಬ ಬೀಳಬೇಕು ಸ್ವಾಮಿ.